ಗ್ಯಾಸ್ ಹಚ್ಚದಂಗ ಬಿಸಿ ಚೀಲ

ನಮ್ಮ ಕಡಿ ಪುಷ್ಯಮಾಸ ಅಂದ್ರ ಹಗಲು ಚುರುಗುಡೋ ಬಿಸ್ಲು, ನಸುಕಿನಾಗ ಕೊರಿಯೋ ಚಳಿ. ಹಡಗಲಿ ಕಡಿ ಹೂವಿನ ತೋಟಕ್ಕ ಹೋಗೋರು, ಕೂಡ್ಲಿಗಿ ಕಡಿ ಹಾಲು ಕರಿಯೋರು, ಎದ್ದ ಕೂಡ್ಲೆ ರೊಟ್ಟಿ ಬಡಿಯೋರು, ಯಾರಿಗೂ ಬೆರಳು ಮಡಚಾಕ ಬರಂಗಿಲ್ಲ. ವಯಸ್ಸಾದೋರ ಪಾಡಂತೂ ಕೇಳಬ್ಯಾಡ್ರಿ.

ಬೆಂಗಳೂರಾಗ ದುಡಿಯೋ ಮಕ್ಕಳು ಈಗ ಅವ್ವಗ ಅಂತ ಬಿಸಿ ಚೀಲ ತರ್ತಾರ. ಒಳಗ ತಿಳಿ ನೀರಿನಂಥದ್ದು, ಅದರಾಗ ರೂಪಾಯಿ ಬಿಲ್ಲೆಯಂಥ ತಗಡು. ತಗಡು ಟಕ್ ಅನಿಸಿದ್ರ ಎಲ್ಲಾ ಬೆಳ್ಳಗ ಗಟ್ಟಿಯಾಗಿ ಬಿಸಿ ಬರತೈತಿ. ಆಮ್ಯಾಲೆ ಅದು ಕಲ್ಲು. ಮತ್ತ ಕುದಿಸಿದ್ರನಾ ಕೆಲಸಕ್ಕ ಬರೋದು. ನಾಕು ದಿನಕ್ಕ ಚೀಲ ಅಟ್ಟ ಸೇರತೈತಿ. ಯಾಕಂದ್ರ ಮುದುಕಿ, “ನನ್ನ ಕೈಗೋಸ್ಕರ ಗ್ಯಾಸ್ ಯಾಕವ್ವಾ ಸುಡ್ತೀರಿ” ಅಂತಾಳ.

ಒಳಗಿರೋದು ಸೋಡಿಯಂ ಅಸಿಟೇಟ್ ಅನ್ನೋ ಉಪ್ಪು. 58 ಡಿಗ್ರಿ ದಾಟಿದ್ರ ಕರಗತೈತಿ, ಆರಿದ ಮ್ಯಾಲೂ ತಿಳಿಯಾಗೇ ಇರತೈತಿ. ಹಾಲು ಹೆಪ್ಪಿಗೆ ಕಾದಂಗ ಅದು ಕಾಯತೈತಿ. ಆ ತಗಡಾ ಹೆಪ್ಪು. ಕುದಿಸುವಾಗ ಮೂಲ್ಯಾಗ ಒಂದು ಹರಳು ಉಳಿದ್ರ ಅದೂ ಹೆಪ್ಪಾ ಸೈ. ಆರಿದ ಕೂಡ್ಲೆ ಚೀಲ ತಾನಾ ಗಟ್ಟಿ ಆಗಿಬಿಡತೈತಿ. ಅದಕ್ಕ ಒಂದು ಬಿಳಿ ಚುಕ್ಕಿನೂ ಉಳೀಬಾರ್ದು.

ಇದಕ್ಕ ಬೇಕಾಗಿದ್ದು ಕುದಿಯೋ ನೀರು, ಗ್ಯಾಸ್ ಅಲ್ಲ. ಬಚ್ಚಲದಾಗ ಹಂಡೆ ಇದ್ರ, ಎಲ್ಲಾರ ಜಳಕ ಆದ ಮ್ಯಾಲೆ ಉಳಿದ ನೀರಿಗೆ ಕಟಗಿ ಮುಂದಕ್ಕ ತಳ್ಳಿ ಕುದಿ ಬರಿಸ್ರಿ. ಚೀಲನ ತೆಳ್ಳನ ಬಟ್ಟ್ಯಾಗ ಕಟ್ಟಿ, ತಳಕ್ಕ ತಾಗದಂಗ ಕೋಲಿಗೆ ಇಳಿಬಿಡ್ರಿ. ರೈಸ್ ಕುಕ್ಕರ್ ಆದ್ರ ತಳಕ್ಕ ಬಟ್ಟಿ ಹಾಸಿ, ಚೀಲ ಮುಳುಗೋವಷ್ಟು ನೀರು ಹಾಕ್ರಿ. ನೀರು ಬತ್ತೋ ತನಕ ಅದು ಆಫ್ ಆಗಂಗಿಲ್ಲ, ಬಿಟ್ಟು ಹೋಗಬ್ಯಾಡ್ರಿ. ಹಾಸ್ಟೆಲ್ ಹುಡುಗ್ಯಾರಿಗೆ ಕೆಟಲ್ ಸಾಕು. ಚೀಲ ಕೆಟಲ್ನ್ಯಾಗ ಹಾಕಬಾರ್ದು. ಚಪಾತಿ ಹಾಟ್‌ಬಾಕ್ಸಿನಾಗ ಇಟ್ಟು, ಕುದ್ದ ನೀರು ಒಂದೂವರೆ ಲೀಟರ್ ಸುರಿದು, ಮುಚ್ಚಳ ಬಿಗಿದು 20 ನಿಮಿಷ ಬಿಡ್ರಿ. ಚುಕ್ಕಿ ಉಳಿದಿದ್ರ ನೀರು ಚೆಲ್ಲಿ ಮತ್ತೊಮ್ಮೆ ಕುದಿ ನೀರು ಹಾಕ್ರಿ. ಮೈಕ್ರೋವೇವ್ ಮಾತ್ರ ಬ್ಯಾಡ, ಒಳಗ ತಗಡು ಐತಿ.

ಇನ್ನೊಂದು ಮಾತು. ಸಕ್ಕರಿ ಕಾಯಿಲಿಯೋರಿಗೆ ಅಂಗಾಲು ಜೋಮು ಹಿಡಿದಿದ್ರ ಸುಟ್ಟಿದ್ದೂ ಗೊತ್ತಾಗಂಗಿಲ್ಲ. ಚೀಲಕ್ಕ ಬಟ್ಟಿ ಸುತ್ತಿ ಕೊಡ್ರಿ, ಕಾಲಿಗಂತೂ ಕಟ್ಟಬ್ಯಾಡ್ರಿ. ಇದು ಬ್ಯಾನಿ ವಾಸಿ ಮಾಡೋ ಔಷಧ ಅಲ್ಲ, ಅರ್ಧ ಮುಕ್ಕಾಲು ತಾಸು ಕೈ ಬೆಚ್ಚಗಿಡೋ ಸಾಮಾನು.

ಆದ್ರ ಆ ಅರ್ಧ ತಾಸು ಸಣ್ಣದಲ್ಲ ನೋಡ್ರಿ. ಸೊಸಿನ ಎಬ್ಬಿಸ್ಬೇಕಲ್ಲ ಅಂತ ಚಳಿ ತಡಕೊಂಡು, ಕೈ ಕಂಕುಳಾಗ ಇಟ್ಟುಕೊಂಡು ಕೂಡೋ ಮುದುಕ್ಯಾರು ನಮ್ಮ ಓಣ್ಯಾಗ ಎಷ್ಟಿಲ್ಲ? ಹಗಲೊತ್ತಿನ್ಯಾಗ ಕುದಿಸಿ, ಆರಿಸಿ, ರಾತ್ರಿ ತಲಿದಿಂಬಿನ ಬಾಜೂ ಇಟ್ಟುಬಿಡ್ರಿ. ನಾಕು ಗಂಟೆಗೆ ಎದ್ದಾಕಿ ಯಾರನ್ನೂ ಕರೀದಂಗ ತಾನಾ ಟಕ್ ಅನಿಸ್ಕೊಂತಾಳ.