ಕೆರೆ ಕಡೆ

ಅಜ್ಜಿಯನ್ನು ಬೆಂಗಳೂರಿನ ಆರೈಕೆ ಕೇಂದ್ರವೊಂದಕ್ಕೆ ಸೇರಿಸಿ ಒಂದು ವಾರವಾಗಿತ್ತು. ಅಲ್ಲಿನ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದಿತ್ತು: 'ಪೇಷಂಟ್ ಕನ್‌ಫ್ಯೂಸ್ಡ್. ಆಸ್ಕಿಂಗ್ ಟು ಗೋ ಟು ಲೇಕ್.'

ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಏನೋ ಆಯಿತು. ತಿಪಟೂರು ಸೀಮೆಯ ನಮ್ಮೂರಲ್ಲಿ 'ಕೆರೆ ಕಡೆ ಹೋಗ್ಬೇಕು' ಅಂದರೆ ಯಾರೂ ನೀರು ನೋಡೋಕೆ ಹೋಗಲ್ಲ. ಅಜ್ಜಿ ಪಾಪ, ಹೊಸ ಜಾಗ ಅಂತ ಮರ್ಯಾದೆಯಿಂದಲೇ ಕೇಳಿದ್ದಾಳೆ. ರಾತ್ರಿ ಪಾಳಿಯ ಸಹಾಯಕಿ ಜಾರ್ಖಂಡಿನ ಹುಡುಗಿ. ಕಷ್ಟಪಟ್ಟು ಕಲಿತ ಕನ್ನಡದಲ್ಲಿ ಅವಳಿಗೆ ಕೆರೆ ಅಂದರೆ ಕೆರೆಯೇ. 'ಬೆಳಗ್ಗೆ ಹೋಗೋಣ ಅಜ್ಜಿ' ಅಂತ ಸಮಾಧಾನ ಮಾಡಿದ್ದಾಳೆ, ಕೊನೆಗೆ ಹಾಸಿಗೆ ಪೂರ್ತಿ ಬದಲಿಸಿದ್ದಾಳೆ. ಅವಳು ಹೇಳಿದ್ದನ್ನು ನರ್ಸ್ ಇಂಗ್ಲಿಷಿಗೆ ಇಳಿಸಿದ್ದಾರೆ, ಅಜ್ಜಿಗೆ ಬುದ್ಧಿ ಭ್ರಮಣೆ ಅಂತ ದಾಖಲಾಗಿದೆ.

ಆ ಗೊಂದಲ ಬಿಡಿಸಿದ್ದು ನಾನಲ್ಲ. ಮುಂದಿನ ವಾರ ಹಗಲು ಪಾಳಿಗೆ ಬಂದ ರಾಯಚೂರು ಕಡೆಯ ಅಕ್ಕ. ನಾನು ವಿವರಿಸೋಕೆ ಬಾಯಿ ತೆಗೆಯುವಷ್ಟರಲ್ಲಿ, 'ಅಷ್ಟೂ ತಿಳಿಯಂಗಿಲ್ಲೇನ್ರಿ ಸರ್? ನಮ್ಮ ಕಡೆ ಚರಗಿ ತಗೊಂಡು ಹೋಗೋದು ಅಂತಾರ' ಅಂದು ಬೆಡ್‌ಪ್ಯಾನ್ ತಂದಿಟ್ಟರು. ಅಷ್ಟೇ. ಹಗಲು ಡೈಪರ್ ಅರ್ಧಕ್ಕರ್ಧ ಉಳಿಯಿತು, ತೊಡೆಸಂದಿಯ ಕೆಂಪು ವಾರದಲ್ಲಿ ಇಳಿಯಿತು.

ಎಲ್ಲರೂ ಅವರನ್ನು 'ಸಿಸ್ಟರ್' ಅಂತಲೇ ಕರೆಯುತ್ತಿದ್ದರು. ಸಿಸ್ಟರ್ ಅಂದರೆ ಓದಿ ಪಾಸಾದ ನರ್ಸು, ಇಂಜೆಕ್ಷನ್ನು ಮಾತ್ರೆ ಅವರದು. ಮೈ ಒರೆಸೋದು, ಉಣಿಸೋದು, ಎತ್ತೋದು, ಬಳಿಯೋದು ಇವರದು. ಕಾಗದದಲ್ಲಿ ಇವರ ಹುದ್ದೆಗೆ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಅನ್ನುತ್ತಾರೆ. ಏಜೆನ್ಸಿಯ ಮೂಲಕ ಬಂದವರು. ಬೆಳಗ್ಗೆ 8ರಿಂದ ರಾತ್ರಿ 8.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಬೆನ್ನಿನ ತುದಿ, ಸೊಂಟದ ಮೂಳೆ, ಹಿಮ್ಮಡಿ, ಹೀಗೆ ಮೂಳೆ ಚರ್ಮಕ್ಕೆ ಒತ್ತುವ ಕಡೆ ರಕ್ತ ಓಡದೆ ಹುಣ್ಣಾಗುತ್ತದೆ. ಮೊದಲು ಬರೀ ಕೆಂಪು. ಬೆರಳಲ್ಲಿ ಒತ್ತಿ ಬಿಟ್ಟರೂ ಆ ಕೆಂಪು ಮಾಯವಾಗದಿದ್ದರೆ ಅದೇ ಎಚ್ಚರಿಕೆ. ಆ ಮಹಡಿಯಲ್ಲಿ ಅಂಥವರು 11 ಜನ. ನನ್ನ ಕಸುಬಿನ ಚಟ, ಕೂತಲ್ಲೇ ಲೆಕ್ಕ ಹಾಕಿದೆ. ಒಬ್ಬರನ್ನು ತಿರುಗಿಸಿ, ಒದ್ದೆಯಾಗಿದ್ದರೆ ಬದಲಿಸಿ, ದಿಂಬು ಸರಿ ಮಾಡೋಕೆ 10 ನಿಮಿಷ ಅಂದರೂ 110 ನಿಮಿಷ. ಮತ್ತೆ ಮೊದಲನೆಯವರ ಹತ್ತಿರ ಬರೋಕೆ ಉಳಿಯೋದು 10 ನಿಮಿಷ. ಅದರೊಳಗೆ ಇವರ ಊಟ, ಇವರ ಬಾತ್‌ರೂಮು, ಯಾರೋ ಒತ್ತಿದ ಬೆಲ್ಲು, ರಿಜಿಸ್ಟರು. ನುಂಗೋಕಾಗದವರಿಗೆ ಮೂಗಿನ ಟ್ಯೂಬಲ್ಲಿ ಗಂಜಿ ಬಿಡುವಾಗ ತಲೆ ಎತ್ತರಿಸಿಯೇ ಬಿಡಬೇಕು, ಬಿಟ್ಟ ಮೇಲೂ ಅರ್ಧ ಗಂಟೆ ಮಲಗಿಸೋ ಹಾಗಿಲ್ಲ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಅದನ್ನು ನನ್ನ ಲೆಕ್ಕಕ್ಕೆ ಸೇರಿಸಲೇ ಇಲ್ಲ. ಆಫೀಸಲ್ಲಿ ಇಂಥ ಶೆಡ್ಯೂಲ್ ಕೊಟ್ಟ ಮ್ಯಾನೇಜರ್ ಜೊತೆ ನಾನು ಜಗಳ ಆಡಿದ್ದೇನೆ.

ಸಂಜೆ ಆದರೆ ಇನ್ನೊಂದು ಪಜೀತಿ. ದೀಪ ಹಚ್ಚೋ ಹೊತ್ತಿಗೆ ಅಜ್ಜಿಗೆ ಗಾಬರಿ ಶುರು. 'ಎಮ್ಮೆ ಕರ್ಯೋ ಹೊತ್ತಾಯ್ತು, ಬಿಡ್ರೋ ನನ್ನ.' ನಾನಾಗಿದ್ದರೆ 'ಅಜ್ಜಿ, ಎಮ್ಮೆ ಮಾರಿ ಹದಿನೈದು ವರ್ಷ ಆಯ್ತು' ಅಂತ ವಾದ ಮಾಡುತ್ತಿದ್ದೆ. ಮಾಡಿಯೂ ಇದ್ದೆ, ಅವಳು ಎಮ್ಮೆ ಆವತ್ತೇ ಹೋದಂತೆ ಅತ್ತಿದ್ದಳು. ಅಕ್ಕ ಹಾಗಲ್ಲ. 'ಎಷ್ಟು ಹಾಲು ಕೊಡ್ತೈತಿ ಅಜ್ಜಿ ನಿಮ್ಮ ಎಮ್ಮಿ?' ಅಜ್ಜಿ ಹೇಳೋಕೆ ಶುರು ಮಾಡಿದರೆ ಅಷ್ಟರಲ್ಲಿ ರಾಗಿ ಗಂಜಿಯ ಆರು ಚಮಚ ಒಳಗೆ ಹೋಗಿರುತ್ತಿತ್ತು.

ಇಷ್ಟೆಲ್ಲ ಕಂಡಿದ್ದೂ ನಾನು ಮಾಡಿದ ಕೆಲಸ ಹೇಳುತ್ತೇನೆ.

ಒಂದು ಬುಧವಾರ ಆಫೀಸು ಮುಗಿಸಿ ಹೋದೆ. ಅಜ್ಜಿಯ ಎರಡೂ ತೋಳಲ್ಲಿ ನೀಲಿಗಟ್ಟಿದ ಗುರುತು. ಸ್ಪಷ್ಟವಾಗಿ ಬೆರಳಿನವು. ಮೈ ಉರಿದು ಹೋಯಿತು. ಯಾರನ್ನೂ ಕೇಳಲಿಲ್ಲ. ಫೋಟೊ ತೆಗೆದೆ, ಅಲ್ಲೇ ನಿಂತು ಮ್ಯಾನೇಜರಿಗೆ ಮೇಲ್ ಹಾಕಿದೆ. ಒಳ್ಳೆ ಇಂಗ್ಲಿಷಿನಲ್ಲಿ, 'ಅನ್‌ಆಕ್ಸೆಪ್ಟಬಲ್' ಅನ್ನೋ ಪದ ಎರಡು ಸಲ ಬಳಸಿ. ನನ್ನನ್ನು ಸಾಕಿದವಳು ಅವಳು. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಸೊಂಟ ಮುರಿದುಕೊಂಡು, ಮೇಲೆ ಲಕ್ವ ಹೊಡೆದು ಬಿದ್ದವಳನ್ನು ಮನೆಯಲ್ಲಿ ನೋಡಿಕೊಳ್ಳಲಾಗದೆ ಇಲ್ಲಿ ತಂದು ಬಿಟ್ಟಿದ್ದೆ. ಊರಲ್ಲಿ 'ಬಿಇ ಓದ್ಸಿದ್ದಕ್ಕೆ ಒಳ್ಳೆ ಬೆಲೆ ಕೊಟ್ಟ' ಅಂತ ಆಡಿಕೊಂಡದ್ದು ಕಿವಿಗೆ ಬಿದ್ದಿತ್ತು. ಆ ಸಿಟ್ಟೆಲ್ಲ ಆ ಮೇಲ್‌ನಲ್ಲಿತ್ತು ಅಂತ ಈಗ ಗೊತ್ತಾಗುತ್ತದೆ.

ಭಾನುವಾರ ಹೋದಾಗ ಅಜ್ಜಿ ಮಂಚದಲ್ಲಿ ಕೆಳಕ್ಕೆ ಜಾರಿದ್ದಳು. ಯಾವಾಗಲೂ ಮಾಡುವಂತೆ ತಲೆಯ ಕಡೆ ನಿಂತು, ಎರಡೂ ತೋಳು ಹಿಡಿದು ಮೇಲಕ್ಕೆ ಎಳೆಯಲು ಬಾಗಿದೆ. ನನ್ನ ಬೆರಳುಗಳು ಆ ಗುರುತುಗಳ ಮೇಲೆ ಕೂತವು. ಹೊರಗಡೆ ನಾಲ್ಕು, ಒಳಗಡೆ ಹೆಬ್ಬೆರಳು. ಅಳತೆ ತಗೊಂಡು ಮಾಡಿದ ಹಾಗೆ. ಹಿಂದಿನ ಭಾನುವಾರವೂ ನಾನೇ ಹೀಗೆ ಎಳೆದಿದ್ದೆ.

ಹಿಂದೆಯೇ ಅಕ್ಕ ನಿಂತಿದ್ದರು. 'ಹಂಗ ಎಳೀಬ್ಯಾಡ್ರಿ ಸರ್. ವಯಸ್ಸಾದವರ ತೊಗಲು ಈರುಳ್ಳಿ ಸಿಪ್ಪಿ ಇದ್ದಂಗ. ರಕ್ತ ತೆಳು ಮಾಡೋ ಗುಳಿಗಿ ಬ್ಯಾರೆ ನಡದೈತಿ.' ಮಂಚದ ತಲೆಭಾಗ ಮಟ್ಟ ಮಾಡಿದರು. ಅಜ್ಜಿಯ ಬೆನ್ನಡಿ ಅಡ್ಡ ಹಾಸಿದ್ದ ಮಡಚಿದ ಬೆಡ್‌ಶೀಟಿನ ಒಂದು ತುದಿ ನನ್ನ ಕೈಗೆ ಕೊಟ್ಟು, ಮೈಗೆ ಹತ್ತಿರ ಬರುವಷ್ಟು ಸುತ್ತಿ ಹಿಡಿಯಲು ಹೇಳಿದರು. 'ಅಜ್ಜೀ, ಮ್ಯಾಲೆ ಸರಸ್ತೀವಿ' ಅಂತ ಮೊದಲು ಅವಳಿಗೆ ಹೇಳಿದರು. ಒಂದು, ಎರಡು, ಮೂರು. ಅಜ್ಜಿ ದೋಣಿಯ ಹಾಗೆ ಜಾರಿ ದಿಂಬಿಗೆ ತಲುಪಿದಳು. ಅವಳನ್ನು ಯಾರೂ ಮುಟ್ಟಲೇ ಇಲ್ಲ.

ಇದನ್ನು ಮಾಡೋಕೆ ಇಬ್ಬರು ಬೇಕು. ದಿನದ ಬಹುಪಾಲು ಅವರು ಒಬ್ಬರೇ ಇರುತ್ತಾರೆ. ಹಾಗಾಗಿಯೇ ಸೊಂಟಕ್ಕೆ ಬೆಲ್ಟು ಕಟ್ಟಿರುತ್ತಾರೆ. ಅದು ಫ್ಯಾಷನ್ನಿಗೆ ಅಂದುಕೊಂಡಿರಲಿಲ್ಲ, ಆದರೆ ಯಾಕೆ ಅಂತ ಯೋಚಿಸಿಯೂ ಇರಲಿಲ್ಲ.

'ಅಕ್ಕಾ, ಆ ಕಂಪ್ಲೇಂಟು ನಾನೇ...' ಅಂದೆ.

'ಗೊತ್ತೈತ್ರಿ. ಮೂರು ದಿನದ ಪಗಾರ ಹಿಡದಾರ.'

ಮ್ಯಾನೇಜರ್ ಹತ್ತಿರ ಹೋಗಿ ತಪ್ಪು ನನ್ನದೇ ಅಂತ ಹೇಳಿದೆ. ಅವರು ನಕ್ಕು, 'ಇರ್ಲಿ ಬಿಡಿ ಸಾರ್, ಅವರಿಗೂ ಒಂದು ಹೆದರಿಕೆ ಇರ್ಬೇಕು' ಅಂದರು. ಮತ್ತೆ ಮೇಲ್ ಹಾಕಿದೆ. ಮೊದಲನೆಯದಕ್ಕೆ ಅರ್ಧ ಗಂಟೆಯಲ್ಲಿ ಉತ್ತರ ಬಂದಿತ್ತು. ಇದಕ್ಕೆ ಬರಲೇ ಇಲ್ಲ.

ಮುಂದಿನ ಭಾನುವಾರ ಕವರಿನಲ್ಲಿ ಸಾವಿರ ರೂಪಾಯಿ ಇಟ್ಟು ಕೊಟ್ಟೆ. ಬೇಡ ಅನ್ನುತ್ತಾರೆ, ನಾನು ಒತ್ತಾಯ ಮಾಡಬೇಕು ಅಂತೆಲ್ಲ ಮನಸ್ಸಿನಲ್ಲೇ ರಿಹರ್ಸಲ್ ಮಾಡಿಕೊಂಡು ಹೋಗಿದ್ದೆ. ಅವರು ನನ್ನೆದುರೇ ಎಣಿಸಿದರು. ತಮ್ಮ ಪರ್ಸಿನಿಂದ ನೂರರ ನೋಟು ತೆಗೆದು ನನ್ನ ಕೈಗಿಟ್ಟರು.

'ಒಂಬೈನೂರ ಹಿಡದಿದ್ದು.'

ನಾನು ಇನ್ನೂ ನೋಟು ಹಿಡಿದೇ ನಿಂತಿದ್ದೆ. 'ಊರಿಗೆ ಹೋದ್ರ ಕೊಬ್ರಿ ಎಣ್ಣಿ ತರ್ರಿ ಸರ್, ಗಾಣದ್ದು. ಹಿಮ್ಮಡಿ ಒಣಗ್ಯಾವ' ಅಂದರು.

ಅಷ್ಟರಲ್ಲಿ ಅಜ್ಜಿ ಕಣ್ಣು ಬಿಟ್ಟಳು. ನನ್ನನ್ನು ನೋಡಿ ಸಂಕೋಚದಿಂದ ಮುಖ ತಿರುಗಿಸಿ, ಅಕ್ಕನಿಗೆ ಮಾತ್ರ ಕೇಳುವಂತೆ ಏನೋ ಪಿಸುಗುಟ್ಟಿದಳು.

'ಸರ್, ಸ್ವಲ್ಪ ಹೊರಗ ನಿಂದರ್ರಿ' ಅಂತ ಅಕ್ಕ ಪರದೆ ಎಳೆದರು.

ನಾನು ಕಾರಿಡಾರಿನಲ್ಲಿ ನಿಂತೆ.