ಹೆಂಟೆಯ ಮನೆ, ಮಳೆಯ ಲೆಕ್ಕ

ಬಟಾಬಯಲಿನಲ್ಲಿ ಒಂದು ಆರ್ಗನ್ ವಾದ್ಯ. ಅದರ ಸುತ್ತ ಒಳ್ಳೆಯ ಬಟ್ಟೆ ತೊಟ್ಟು ನಿಂತ ಗಂಡ, ಹೆಂಡತಿ, ಮಕ್ಕಳು. ಹಿಂದೆ ದನಕರುಗಳು. ಮನೆ ಮಾತ್ರ ಚಿತ್ರದಲ್ಲಿ ಎಲ್ಲೂ ಇಲ್ಲ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯಲ್ಲಿ 1880ರ ದಶಕದಲ್ಲಿ ತೆಗೆದ ಹಿಲ್ಟನ್ ಕುಟುಂಬದ ಛಾಯಾಚಿತ್ರ ಇದು. ತಾವು ಮಣ್ಣಿನ ಮನೆಯಲ್ಲಿದ್ದೇವೆಂಬುದು ಪೂರ್ವದ ಊರುಗಳಲ್ಲಿರುವ ಬಂಧುಮಿತ್ರರಿಗೆ ತಿಳಿಯಬಾರದು. ಆದರೆ ಮನೆಯಲ್ಲಿ ಆರ್ಗನ್ ಇದೆಯೆಂಬುದು ತಿಳಿಯಲೇಬೇಕು! ಆ ಮನೆಯೊಡತಿಯ ಹಟಕ್ಕಾಗಿ ಅಷ್ಟು ಭಾರದ ವಾದ್ಯವನ್ನು ಹೊರಗೆ ಹೊತ್ತು ತರಬೇಕಾಯಿತು.

ಇಂಥ ಕುಟುಂಬಗಳನ್ನು ಅಲ್ಲಿಗೆ ಕರೆತಂದದ್ದು 1862ರ ಹೋಮ್‌ಸ್ಟೆಡ್ ಕಾನೂನು. ಅರ್ಜಿಯ ಅಲ್ಪ ಶುಲ್ಕ ಕಟ್ಟಿ, ಐದು ವರ್ಷ ಅಲ್ಲೇ ವಾಸವಿದ್ದು ಉತ್ತುಬಿತ್ತಿದವರಿಗೆ 160 ಎಕರೆ ಭೂಮಿ ಸ್ವಂತ. ಮದುವೆಯಾಗದ ಹೆಣ್ಣುಮಕ್ಕಳೂ ಅರ್ಜಿ ಹಾಕಬಹುದಿತ್ತು. ಭೂಮಿಯ ಆಸೆ ಯಾರಿಗಿಲ್ಲ? ನೆಬ್ರಾಸ್ಕಾದ ಜನಸಂಖ್ಯೆ 1860ರಲ್ಲಿ 28,841 ಇದ್ದದ್ದು 1890ರ ವೇಳೆಗೆ ಹತ್ತು ಲಕ್ಷ ದಾಟಿತು. ಕಸ್ಟರ್ ಕೌಂಟಿಯಲ್ಲಂತೂ 1880ರಲ್ಲಿ 2,211 ಜನರಿದ್ದರು. ಹತ್ತೇ ವರ್ಷಗಳಲ್ಲಿ ಅವರ ಸಂಖ್ಯೆ 21,677ಕ್ಕೆ ಏರಿತು.

ಆ ನೆಲ ಬರಿದಾಗಿತ್ತು ಎಂದು ಕಾನೂನು ಬರೆದವರು ಭಾವಿಸಿದ್ದರು. ಆದರೆ ಅದು ಬರಿದಾಗಿರಲಿಲ್ಲ. ಲೂಪ್ ನದಿಯ ಬಯಲುಗಳಲ್ಲಿ ಮೆಕ್ಕೆಜೋಳ ಬೆಳೆದು, ಕಾಡೆಮ್ಮೆ ಬೇಟೆಯಾಡಿ ಬಾಳಿದ ಪೌನಿ ಜನ 1870ರ ದಶಕದಲ್ಲಿ ದಕ್ಷಿಣದ ಇಂಡಿಯನ್ ಪ್ರಾಂತಕ್ಕೆ ಗುಳೆ ಹೋಗಬೇಕಾಯಿತು. ಮೂಲನಿವಾಸಿಗಳೊಡನೆ ಕಾದಾಡಿ 1876ರಲ್ಲಿ ಸತ್ತ ಸೇನಾಧಿಕಾರಿ ಕಸ್ಟರನ ಹೆಸರನ್ನೇ 1877ರಲ್ಲಿ ಈ ಕೌಂಟಿಗೆ ಇಡಲಾಯಿತು.

ಬಂದವರ ಮೊದಲ ಚಿಂತೆ ಸೂರು. ಸುತ್ತ ಹುಲ್ಲುಗಾವಲು, ಮರವೆಂಬುದು ಹೊಳೆದಂಡೆಯಲ್ಲಿ ಅಲ್ಲೊಂದು ಇಲ್ಲೊಂದು. ಕಲ್ಲೂ ಅಪರೂಪ. ಆದರೆ ಕಾಲಡಿಯಲ್ಲೇ ಒಂದು ವಸ್ತು ಹೇರಳವಾಗಿತ್ತು. ಸಾವಿರಾರು ವರ್ಷಗಳಿಂದ ಹುಲ್ಲಿನ ಬೇರುಗಳು ಹೆಣೆದು ಹೆಣೆದು ಕಂಬಳಿಯಂತಾಗಿದ್ದ ಮೇಲ್ಮಣ್ಣು ಅದು. ವಿಶೇಷ ನೇಗಿಲಿನಿಂದ ಅದನ್ನು ಸುಮಾರು ಒಂದು ಅಡಿ ಅಗಲ, ನಾಲ್ಕು ಅಂಗುಲ ದಪ್ಪದ ಪಟ್ಟಿಗಳಾಗಿ ಎಬ್ಬಿಸಿ, ಗುದ್ದಲಿಯಿಂದ ಮೂರು ಅಡಿ ಉದ್ದದ ಹೆಂಟೆಗಳಾಗಿ ಕತ್ತರಿಸುತ್ತಿದ್ದರು. ಹುಲ್ಲಿನ ಮುಖ ಕೆಳಗೆ ಮಾಡಿ, ಇಟ್ಟಿಗೆಯಂತೆ ಒಂದರ ಸಂದಿಗೆ ಇನ್ನೊಂದು ಬರುವ ಹಾಗೆ ಜೋಡಿಸಿದರೆ ಗೋಡೆ. ಹದಿನಾರು ಅಡಿಗೆ ಇಪ್ಪತ್ತು ಅಡಿಯ ಮನೆಯೊಂದಕ್ಕೆ ಅರ್ಧದಿಂದ ಒಂದು ಎಕರೆ ನೆಲದ ಹೆಂಟೆ ಬೇಕಾಗುತ್ತಿತ್ತು. ಇದಕ್ಕೆ ಜನ ತಮಾಷೆಯಾಗಿ ಇಟ್ಟ ಹೆಸರು 'ನೆಬ್ರಾಸ್ಕಾ ಅಮೃತಶಿಲೆ'.

ಎರಡು ಮೂರು ಅಡಿ ದಪ್ಪದ ಆ ಗೋಡೆ ಶಾಖವನ್ನು ಬೇಗ ಒಳಬಿಡದು, ಬೇಗ ಹೊರಬಿಡದು. ಹೀಗಾಗಿ ಬೇಸಿಗೆಯಲ್ಲಿ ಒಳಗೆ ತಂಪು, ಹಿಮಗಾಳಿಯ ಚಳಿಗಾಲದಲ್ಲಿ ಬೆಚ್ಚಗೆ. ಹುಲ್ಲುಗಾವಲಿಗೆ ಕಾಳ್ಗಿಚ್ಚು ಬಿದ್ದರೂ ಗೋಡೆ ಸುಡದು. ಸೋಲುತ್ತಿದ್ದುದು ಮಾಡು ಮಾತ್ರ. ತೊಲೆ, ಸೊಪ್ಪುಸದೆ, ಅದರ ಮೇಲೆ ಹೆಂಟೆ ಹಾಕಿದ ಮಾಡು ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಮಣ್ಣು ಉದುರಿ ಊಟಕ್ಕೆ ಬೀಳದಂತೆ ಹೆಂಗಸರು ಒಳಗಡೆ ತೆಳುಬಟ್ಟೆ ಕಟ್ಟುತ್ತಿದ್ದರು. ಇಲಿ, ಹಾವುಗಳ ಕಾಟ ಬೇರೆ. ಸೌದೆಗೆ ಬದಲಾಗಿ ಬಯಲಲ್ಲಿ ಒಣಗಿ ಬಿದ್ದ ಸಗಣಿ, ಜೋಳದ ದಿಂಡು, ಹುರಿ ಮಾಡಿದ ಹುಲ್ಲು. ಇಷ್ಟರ ನಡುವೆಯೂ ಆಳವಾದ ಕಿಟಕಿಗೂಡುಗಳಲ್ಲಿ ಹೂವಿನ ಕುಂಡ ಇಡುವುದನ್ನು ಮಾತ್ರ ಅವರು ಬಿಡಲಿಲ್ಲ.

ಇನ್ನು ಬೇಸಾಯ. ಹೊಸದಾಗಿ ಮಗುಚಿದ ನೆಲ ಮೊದಲ ವರ್ಷ ಪುಡಿಯಾಗುತ್ತಿರಲಿಲ್ಲ. ಕೊಡಲಿಯಿಂದ ಸೀಳು ಮಾಡಿ ಮೆಕ್ಕೆಜೋಳದ ಬೀಜ ಊರುತ್ತಿದ್ದರು. ಬೇರುಗಳು ಕೊಳೆತ ಮೇಲೆ ಮಣ್ಣು ಹದಕ್ಕೆ ಬಂದು ಒಳ್ಳೆಯ ಫಸಲು ಕೊಟ್ಟಿತು. ನೆಲದಲ್ಲಿ ಸಾರವಿತ್ತು. ಕೊರತೆ ಇದ್ದದ್ದು ಆಕಾಶದಲ್ಲಿ.

100 ಡಿಗ್ರಿ ಪಶ್ಚಿಮ ರೇಖಾಂಶ ಈ ಕೌಂಟಿಯ ಪಶ್ಚಿಮ ಭಾಗದಲ್ಲಿ ಹಾದುಹೋಗುತ್ತದೆ. ಅದರ ಆಸುಪಾಸಿನಲ್ಲಿ ವರ್ಷದ ಮಳೆ ಸುಮಾರು 20 ಅಂಗುಲ. ವಲಸಿಗರಲ್ಲಿ ಹಲವರು ಬಂದ ಓಹಿಯೊದಂಥ ಪೂರ್ವದ ಸೀಮೆಗಳಲ್ಲಿ 35 ಅಂಗುಲಕ್ಕೂ ಹೆಚ್ಚು. ಹಾಗಿದ್ದರೂ ಧೈರ್ಯ ಎಲ್ಲಿಂದ ಬಂತು? ಉತ್ತರ ವಿಚಿತ್ರವಾಗಿದೆ: ವಿಜ್ಞಾನದ ಹೆಸರಿನಿಂದಲೇ ಬಂತು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ಆಘಿ ಒಂದು ವಾದ ಹೂಡಿದ್ದರು. ಉತ್ತ ನೆಲ ಮಳೆನೀರನ್ನು ಸ್ಪಂಜಿನಂತೆ ಹೀರಿ, ನಿಧಾನವಾಗಿ ಆವಿಯಾಗಿ ಬಿಡುತ್ತದೆ. ಆ ಆವಿಯಿಂದ ಮತ್ತಷ್ಟು ಮಳೆಯಾಗುತ್ತದೆ ಎಂಬುದು ಆ ವಾದ. ನೇಗಿಲು ಹೋದಲ್ಲಿಗೆ ಮಳೆ ಹಿಂಬಾಲಿಸುತ್ತದೆ ಎಂದು 1881ರಲ್ಲಿ ಚಾರ್ಲ್ಸ್ ಡೇನಾ ವಿಲ್ಬರ್ ಸಾರಿದರು. ಕಾಕತಾಳೀಯವೆಂಬಂತೆ ಆ ಕಾಲದಲ್ಲಿ ಕೆಲವು ವರ್ಷ ಮಳೆಯೂ ಚೆನ್ನಾಗಿಯೇ ಆಯಿತು. ಭೂಮಿ ಮಾರಬೇಕಿದ್ದ ರೈಲು ಕಂಪೆನಿಗಳಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಎಚ್ಚರಿಸಿದವರು ಇರಲಿಲ್ಲವೆಂದಲ್ಲ. ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲೇ, ಒಣಭೂಮಿಯಲ್ಲಿ 160 ಎಕರೆಯ ಲೆಕ್ಕ ಸಲ್ಲದು ಎಂದಿದ್ದರು. ನೀರಾವರಿಯಿದ್ದರೆ 80 ಎಕರೆಯೇ ಸಾಕು, ಇಲ್ಲದಿದ್ದರೆ ದನ ಮೇಯಿಸಿ ಬದುಕಲು 2,560 ಎಕರೆ ಬೇಕು ಎಂಬುದು ಅವರ ಅಂದಾಜು. ಕೇಳಲು ಹಿತವಲ್ಲದ ಮಾತು. ಕಾಂಗ್ರೆಸ್ ಸಭೆ ಅದನ್ನು ಒಪ್ಪಲಿಲ್ಲ.

1890ರ ದಶಕದಲ್ಲಿ ಮಳೆ ಕೈಕೊಟ್ಟಿತು. 1894ರ ಬರಗಾಲವಂತೂ ಭೀಕರ. ಬಿಸಿಗಾಳಿಗೆ ನಿಂತ ಪೈರು ನಿಂತಲ್ಲೇ ಸೀದುಹೋಯಿತು. ಸಾಲ ಮಾಡಿ ಬಾವಿ ತೋಡಿದವರು, ಮಣ್ಣಿನ ಮನೆ ಬಿಟ್ಟು ಹಲಗೆಯ ಮನೆ ಕಟ್ಟಿದವರು ಗಾಡಿ ಕಟ್ಟಿಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದರು. 1900ರ ಗಣತಿಯಲ್ಲಿ ಕಸ್ಟರ್ ಕೌಂಟಿಯ ಜನಸಂಖ್ಯೆ 19,758. ಇಳಿದ ಸುಮಾರು ಎರಡು ಸಾವಿರವನ್ನು ಮಾತ್ರ ಆ ಅಂಕಿ ಹೇಳುತ್ತದೆ. ಆ ದಶಕದಲ್ಲಿ ಹುಟ್ಟಿದ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿದರೆ ಹೊರಟುಹೋದವರು ಇನ್ನೂ ಹೆಚ್ಚು. ಕೊನೆಗೆ 1904ರ ಕಿಂಕೇಡ್ ಕಾನೂನು ನೆಬ್ರಾಸ್ಕಾದ ಪಶ್ಚಿಮ ಭಾಗದಲ್ಲಿ 640 ಎಕರೆ ಕೊಡಲು ಒಪ್ಪಿತು. ಮಳೆಯ ಲೆಕ್ಕ ಕಾನೂನಿನ ಪುಸ್ತಕಕ್ಕೆ ಏರಲು 26 ವರ್ಷ ಬೇಕಾಯಿತು.

ಹಿಲ್ಟನ್ ಕುಟುಂಬದ ಚಿತ್ರ ತೆಗೆದ ಸಾಲೊಮನ್ ಬುಚರ್ ಸ್ವತಃ 1880ರಲ್ಲಿ ಭೂಮಿ ಹಿಡಿಯಲು ಬಂದು, ಬೇಸಾಯ ತನ್ನಿಂದಾಗದೆಂದು ಕೈಬಿಟ್ಟವನು. 1886ರಿಂದ ಗಾಡಿಯಲ್ಲಿ ಕ್ಯಾಮೆರಾ ಹೇರಿಕೊಂಡು ಮನೆಮನೆ ತಿರುಗಿದ. 1899ರಲ್ಲಿ ಅವನ ಮನೆ ಸುಟ್ಟು, ಬರೆದಿಟ್ಟ ಕಾಗದಗಳೆಲ್ಲ ಬೂದಿಯಾದವು. ಕಣಜದಲ್ಲಿಟ್ಟಿದ್ದ ಗಾಜಿನ ನೆಗೆಟಿವ್‌ಗಳು ಮಾತ್ರ ಉಳಿದವು.

ಆ ಚಿತ್ರಗಳಲ್ಲಿ ಸಾಲು ಸಾಲಾಗಿ ನಿಂತಿರುವುದು ಹೆಂಟೆಯ ಮನೆಗಳೇ. ನಾಚಿಕೆಪಡಬೇಕಾದುದು ಅವುಗಳಲ್ಲಿ ಏನೂ ಇರಲಿಲ್ಲ. ಮನೆ ಕಟ್ಟುವಾಗ ಆ ಜನ ಅಲ್ಲಿನ ನೆಲ ಏನು ಕೊಡಬಲ್ಲದೆಂದು ನೋಡಿ ಕಟ್ಟಿದರು, ಮನೆ ಅವರನ್ನು ಕಾಪಾಡಿತು. ಉಳುವಾಗ ಬೇರೆ ಊರಿನ ಮಳೆಯನ್ನು ನಂಬಿ ಉತ್ತರು. ಹಾಗೆ ನಂಬಿಸಿದವರಿಗೆ ಏನೂ ನಷ್ಟವಾಗಲಿಲ್ಲ. ಗಾಡಿ ಕಟ್ಟಬೇಕಾದವರು ರೈತರು.