ಗಂಧವಿಲ್ಲದ ಗಂಧದಕಡ್ಡಿ

ಮೈಸೂರಿನ ಅಂಗಡಿಗಳಲ್ಲಿ ಮಲ್ಲಿಗೆಯ ಗಂಧದಕಡ್ಡಿ ಸಿಗುತ್ತದೆ, ಗುಲಾಬಿಯದೂ ಸಿಗುತ್ತದೆ. ಶ್ರೀಗಂಧದ ಚೂರೂ ಸೋಕದ ಬಿದಿರುಕಡ್ಡಿ, ಇದ್ದಿಲಪುಡಿ, ಜಿಗಟು, ಸುಗಂಧದೆಣ್ಣೆಗಳ ಕೂಟಕ್ಕೆ ಗಂಧದ ಹೆಸರೇಕೆ ಎಂದು ಯಾರೂ ತಕರಾರು ತೆಗೆಯುವುದಿಲ್ಲ. ಹೆಸರು ಒಳಗಿನ ಸಾಮಾನಿನ ಪಟ್ಟಿಯಲ್ಲ, ಮೂಗನ್ನು ಅಣಿಗೊಳಿಸುವ ಮಾತು ಎಂದು ಕೊಳ್ಳುವವರಿಗೆ ಗೊತ್ತು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞೆ ರೇಚಲ್ ಹರ್ಟ್ಸ್ ಮತ್ತು ಅವರ ಸಹೋದ್ಯೋಗಿ ಒಂದೇ ವಾಸನೆಯನ್ನು ಒಮ್ಮೆ ಚೀಸ್ ಎಂದೂ ಇನ್ನೊಮ್ಮೆ ವಾಂತಿ ಎಂದೂ ಹೇಳಿ ಮೂಸಿಸಿದರು. ಹೆಸರು ಬದಲಾದಂತೆ ಹಿಡಿಸಿದ್ದು ಹೇಸಿಗೆಯಾಯಿತು. ಕಾವ್ಯನಾಮವನ್ನು ಮುಖವಾಡ ಎಂದು ಕರೆಯುವ ರೂಢಿ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಮುಖವಾಡದ ಕೆಲಸ ಮುಚ್ಚುವುದು; ಕಾವ್ಯನಾಮ ಓದುಗನ ಮೂಗನ್ನು ಒಂದು ದಿಕ್ಕಿಗೆ ತಿರುಗಿಸುತ್ತದೆ. ಪುಟ್ಟಪ್ಪನವರು ಮೊದಲು 'ಕಿಶೋರಚಂದ್ರವಾಣಿ'ಯಾಗಿ ಆಮೇಲೆ 'ಕುವೆಂಪು' ಆದಾಗ ಯಾರಿಂದಲೂ ಅಡಗಿಕೊಳ್ಳಲಿಲ್ಲ. ಮೈಸೂರಿನ ಅನಸೂಯಾ ಶಂಕರ್ ಮನೋರೋಗದ ಕಥೆಗಳನ್ನು ಮನೆಮನೆಯ ಹೆಂಗಸರಿಗೆ ಮುಟ್ಟಿಸಿದ್ದು 'ತ್ರಿವೇಣಿ' ಎಂಬ, ಬಾಯಿಗೆ ಸಲೀಸಾದ ಹೆಸರಿನಲ್ಲಿ.

ಇದು ಸುಲಭದ ಮಾತಾಯಿತು, ಮುದ್ದಣನನ್ನು ಏನು ಮಾಡುತ್ತೀರಿ ಎಂದು ಕೇಳಬಹುದು. ಕೇಳಲೇಬೇಕು. ಮುದ್ದಣನೆಂದರೆ ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901), ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ತಾನೇ ಹಳಗನ್ನಡದಲ್ಲಿ ಬರೆದು, ಇದು ಹಿಂದಿನ ಕವಿಯ ಕೃತಿ ಎಂದು ಮೈಸೂರಿನ ಸಂಪಾದಕರಿಗೆ ಕಳಿಸಿದ. ಹಳೆಯ ಕಾವ್ಯಗಳನ್ನು ಅಚ್ಚುಹಾಕುತ್ತಿದ್ದ ಅವರು ನಂಬಿ ಪ್ರಕಟಿಸಿದರು. ಬಡ ಡ್ರಿಲ್ ಮೇಷ್ಟ್ರ ಹಳಗನ್ನಡವನ್ನು ಪಂಡಿತರು ಮೂಸಿಯಾದರೂ ನೋಡುತ್ತಿದ್ದರೇ? ಅವನು ಬೇಕೆಂದೇ ಹಳತಿನ ಚೀಟಿ ಅಂಟಿಸಿದ. ಇದು ಕಾವ್ಯನಾಮವಲ್ಲ, ಸುಳ್ಳು ವಿಳಾಸ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೆಸರು ಕಟ್ಟಿಕೊಳ್ಳುವುದು ಬೇರೆ, ಕಾಲವನ್ನೇ ಕಟ್ಟುವುದು ಬೇರೆ. ಭಾಷೆಯ ಚರಿತ್ರೆ ಬರೆಯುವವನು ಇಂಥ ಚೀಟಿ ನಂಬಿದರೆ ಶತಮಾನಗಳೇ ಅದಲುಬದಲಾಗುತ್ತವೆ. ಆ ನಷ್ಟಕ್ಕೆ ಕವಿಯ ಬಡತನ ಸಮಜಾಯಿಷಿಯಲ್ಲ.

ಆದರೆ ಮೋಸಗಾರ ಲಾಭ ಎಣಿಸುತ್ತಾನೆ. ಇವನು ಕಳೆದುಕೊಂಡದ್ದು ತನ್ನ ಕೀರ್ತಿಯನ್ನೇ. ಕ್ಷಯದಲ್ಲಿ ಮೂವತ್ತೊಂದಕ್ಕೇ ತೀರಿಕೊಂಡ, ಗುಟ್ಟು ಬಯಲಾದದ್ದು ಆಮೇಲೆ. ಚೀಟಿಯ ಬಲದಿಂದಲೇ ಪರಿಮಳ ಹುಟ್ಟಿದ್ದರೆ ಚೀಟಿ ಕಿತ್ತ ದಿನ ಕೃತಿಯೂ ಸಪ್ಪೆಯಾಗಬೇಕಿತ್ತು. ಅವನು ಹಾಗೆ ಕಳಿಸಿದ 'ಶ್ರೀರಾಮಾಶ್ವಮೇಧಂ' ಸಪ್ಪೆಯಾಗಲಿಲ್ಲ; ಕರ್ತೃ ಗೊತ್ತಾದ ಮೇಲೆ ಓದುಗರು ಇನ್ನಷ್ಟು ಹತ್ತಿರ ಬಂದರು. ಅಡಗಿದ್ದೂ ಎಂಥ ಅಡಗು! ಅವ್ವ ಕರೆಯುತ್ತಿದ್ದ ಮುದ್ದಿನ ಹೆಸರನ್ನೇ ಕಥೆ ಹೇಳುವ ಗಂಡನಿಗಿಟ್ಟು, ಪಕ್ಕದಲ್ಲಿ ಮನೋರಮೆಯನ್ನು ಕೂರಿಸಿದ. ಅವಳು ನಡುನಡುವೆ ಬಾಯಿಹಾಕುತ್ತಾಳೆ, ಪದ್ಯ ಬೇಡ ಗದ್ಯವಿರಲಿ ಎನ್ನುತ್ತಾಳೆ, ಅರ್ಥವಾಗದ ಸಂಸ್ಕೃತಕ್ಕೆ ಮುನಿಯುತ್ತಾಳೆ. ತಾಳೆಗರಿಯ ಕಾಲದ ಕಾವ್ಯದಲ್ಲಿ ಇಂಥ ಹೆಂಡತಿ ಎಲ್ಲಿಂದ ಬಂದಳು ಎಂದು ಮೈಸೂರಿನ ಪಂಡಿತರ ಮೂಗಿಗೆ ಅಂದೇ ಹೊಸ ವಾಸನೆ ಬಡಿಯಬೇಕಿತ್ತು.